ಹಳೆ ಲಾರಿಯ ಸ್ಲೋ ಮತ್ತು ಆಯಿಲ್ ಪ್ರೆಶರ್: ಘಾಟಿ ಹತ್ತಿದ ಮೇಲೆ ತಿಳಿಯುವ ರೋಗ

ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿದ ಲೋಡ್ ಲಾರಿ ಸಕಲೇಶಪುರದ ಹತ್ತಿರ ಕಾಫಿಗೆ ನಿಲ್ಲುತ್ತದೆ. ಅನುಭವಸ್ಥ ಡ್ರೈವರು ಎಂಜಿನ್ ತಕ್ಷಣ ಬಂದ್ ಮಾಡುವುದಿಲ್ಲ, ಎರಡು ನಿಮಿಷ ಹಾಗೇ ಸ್ಲೋನಲ್ಲಿ ಬಿಡುತ್ತಾನೆ. ಆ ಎರಡು ನಿಮಿಷದಲ್ಲಿ ಆಯಿಲ್ ಗೇಜಿನ ಮುಳ್ಳು ಎಲ್ಲಿಗೆ ಇಳಿಯಿತು, ಕ್ಯಾಬಿನ್ ಎಷ್ಟು ನಡುಗಿತು ಎಂಬುದರಲ್ಲೇ ಅರ್ಧ ರೋಗ ಗೊತ್ತಾಗುತ್ತದೆ. ಬೆಳಗಿನ ಚಳಿಯಲ್ಲಿ ಸೆಲ್ಫ್ ಹೊಡೆದ ಕೂಡಲೇ ಮುಳ್ಳು ನೋಡಿ ಸಮಾಧಾನಪಟ್ಟುಕೊಂಡರೆ ಉಪಯೋಗವಿಲ್ಲ. ತಣ್ಣಗಿನ ಆಯಿಲು ದಪ್ಪಗಿರುತ್ತದೆ, ಸವೆದ ಎಂಜಿನ್ನೂ ಆಗ ಒಳ್ಳೆಯ ಪ್ರೆಶರ್ ತೋರಿಸುತ್ತದೆ.

ಈ ಗುಡ್ಡಗಳ ಹಳೆಯ ಎಂಜಿನ್ನುಗಳು

ಆಲೂರಿನ ಶುಂಠಿ, ಸಕಲೇಶಪುರದ ಕಾಫಿ ಮೂಟೆ, ಗೊಬ್ಬರ, ಸಿಲ್ವರ್ ಓಕ್ ದಿಮ್ಮಿ ಹೊರುವ ಲಾರಿಗಳಲ್ಲಿ ಹಳೆ ಟಾಟಾ ಗಾಡಿಗಳು ಪರಿಚಿತ. ಅವುಗಳ ಎಂಜಿನ್ನಿನ ಹೆಸರಿನಲ್ಲೇ ಅಳತೆಯೂ ಇದೆ: 697 ಎಂದರೆ ಆರು ಸಿಲಿಂಡರು, 97 ಮಿಲಿಮೀಟರ್ ಬೋರು, 497 ಎಂದರೆ ನಾಲ್ಕು ಸಿಲಿಂಡರು, ಅದೇ ಬೋರು. 1986ರಲ್ಲಿ ಬಂದ ಟಾಟಾ 407 ಈ ಎರಡನೆಯ ಎಂಜಿನ್ನನ್ನು ಮನೆಮಾತು ಮಾಡಿತು. ಡೀಸೆಲ್ ಪಂಪಿಗೆ ಹಳಬರು ಇವತ್ತಿಗೂ ಹೇಳುವುದು ‘ಮೈಕೋ ಪಂಪು’ ಎಂದೇ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನ ಬಾಯಲ್ಲಿ ಹೆಸರು ಬದಲಾಗಲಿಲ್ಲ.

ಇವುಗಳಲ್ಲಿ ಕಂಪ್ಯೂಟರ್ ಇಲ್ಲ. ಸ್ಲೋ ಕಾಯುವುದು ಪಂಪಿನ ಗವರ್ನರ್, ಅಂದರೆ ಒಂದಿಷ್ಟು ತೂಕ, ಒಂದಿಷ್ಟು ಸ್ಪ್ರಿಂಗು. ಹಾಗಾಗಿ ಸ್ಕ್ಯಾನರ್ ಹಾಕಿ ನೋಡಲು ಏನೂ ಸಿಗುವುದಿಲ್ಲ. ಕಿವಿ, ಮೂಗು, ಒಂದು ಪ್ರೆಶರ್ ಗೇಜು ಸಾಕು.

ಎರಡು ದೂರು, ಒಂದೇ ಬೇರು

‘ಸ್ಲೋ ನಿಲ್ತಿಲ್ಲ’, ‘ಪ್ರೆಶರ್ ಬೀಳ್ತಿದೆ’ ಎಂಬ ದೂರುಗಳು ಜೊತೆಯಾಗಿ ಬಂದಾಗ ಅವನ್ನು ಬೇರೆ ಬೇರೆ ರಿಪೇರಿ ಎಂದು ಎಣಿಸುವುದೇ ದೊಡ್ಡ ತಪ್ಪು. ಆಯಿಲ್ ಪಂಪನ್ನು ತಿರುಗಿಸುವುದು ಎಂಜಿನ್ನೇ. ನಿಮಿಷಕ್ಕೆ 600 ಸುತ್ತು ಸುತ್ತಬೇಕಾದದ್ದು 400ಕ್ಕೆ ಇಳಿದರೆ ಪಂಪು ತಳ್ಳುವ ಆಯಿಲೂ ಅಷ್ಟೇ ಇಳಿಯುತ್ತದೆ. ಬೇರಿಂಗು ಚೆನ್ನಾಗಿದ್ದರೂ ಮುಳ್ಳು ಕೆಳಗೆ ಬೀಳುತ್ತದೆ. ಇದನ್ನು ನೋಡದೆ ಹಾಫ್ ಎಂಜಿನ್ ಕೆಲಸಕ್ಕೆ ಇಳಿಯುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಮೊದಲು ಸುತ್ತು ಅಳೆಯಿರಿ. ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿ ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರ್ ತೋರಿಸಿದರೆ ಲೆಕ್ಕ ಸಿಗುತ್ತದೆ. ಹಳೆ ಡೀಸೆಲ್ ಲಾರಿಗಳ ಸ್ಲೋ ಸಾಮಾನ್ಯವಾಗಿ 550ರಿಂದ 700ರ ಒಳಗೆ ಇರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿರುವುದೇ ಅಂತಿಮ.

ಮುಳ್ಳು ಸುಳ್ಳು ಹೇಳುತ್ತದೆ

ಮಲೆನಾಡಿನ ಮಳೆ ಎಂಜಿನ್ನಿಗಿಂತ ಮೊದಲು ವೈರನ್ನು ತಿನ್ನುತ್ತದೆ. ಬ್ಲಾಕಿಗೆ ಕೂರಿಸಿದ ಆಯಿಲ್ ಸ್ವಿಚ್ಚಿನ ಟರ್ಮಿನಲ್‌ಗೆ ಹಸಿರು ಕಿಲುಬು ಹಿಡಿದಿರುತ್ತದೆ, ಅರ್ಥಿಂಗ್ ಸಡಿಲವಾಗಿರುತ್ತದೆ. ಹೆಡ್‌ಲೈಟ್ ಹಾಕಿದಾಗ ಮುಳ್ಳು ಜಿಗಿದರೆ ಅದು ಆಯಿಲಿನ ರೋಗವಲ್ಲ, ಕರೆಂಟಿನ ರೋಗ. ಎಂಜಿನ್ ಬಿಸಿಯಾದಂತೆಲ್ಲ ನಿಧಾನವಾಗಿ, ಒಂದೇ ಸಮನೆ ಇಳಿದರೆ ಮಾತ್ರ ನಂಬಬಹುದು.

ಖಾತ್ರಿಗೆ ಸ್ವಿಚ್ಚು ಬಿಚ್ಚಿ, ಅದೇ ತೂತಿಗೆ ನೇರವಾದ ಗೇಜನ್ನು ಪೈಪಿನ ಸಮೇತ ಕೂರಿಸಿ ನೋಡಬೇಕು. ಪೂರ್ತಿ ಬಿಸಿಯಾದ ಎಂಜಿನ್ ಸ್ಲೋನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ., ಓಡುವ ವೇಗದಲ್ಲಿ 3ರಿಂದ 5 ಕೆ.ಜಿ. ತೋರಿಸಿದರೆ ಹಳೆ ಎಂಜಿನ್ನಿಗೆ ಅದು ಮರ್ಯಾದಸ್ಥ ಪ್ರೆಶರ್. ಸ್ಲೋನಲ್ಲಿ ಅರ್ಧಕ್ಕಿಂತ ಕೆಳಗಿಳಿದರೆ ಲೋಡ್ ಹತ್ತಿಸಬೇಡಿ.

ಎಸ್ಟೇಟಿನ ಕಡಿದಾದ ಮಣ್ಣುದಾರಿಯಲ್ಲಿ ಏರುವಾಗ ಮಾತ್ರ ಮುಳ್ಳು ಬಿದ್ದು, ಸಮತಟ್ಟಿಗೆ ಬಂದಾಗ ಎದ್ದರೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕಡಿಮೆಯಿದ್ದಾಗ ಏರಿನಲ್ಲಿ ಅದೆಲ್ಲ ಚೇಂಬರಿನ ಒಂದು ಮೂಲೆಗೆ ಸರಿಯುತ್ತದೆ, ಜಾಲರಿ ಆಯಿಲಿನ ಬದಲು ಗಾಳಿ ಎಳೆಯುತ್ತದೆ.

ಸ್ಲೋ ಏರಿಳಿದರೆ

ಸ್ಲೋ ಉಯ್ಯಾಲೆ ಆಡಿದರೆ ಮೊದಲ ಅನುಮಾನ ಡೀಸೆಲ್ ಲೈನಿಗೆ ಹೊಕ್ಕ ಗಾಳಿಯ ಮೇಲೆ. ಫಿಲ್ಟರಿನ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಹೊಡೆಯಿರಿ, ನೊರೆ ನಿಂತು ಡೀಸೆಲ್ ಮಾತ್ರ ಬರುವ ತನಕ. ಎರಡನೆಯ ಅನುಮಾನ ನೀರು. ತೋಟದ ಶೆಡ್ಡಿನಲ್ಲಿ ಡ್ರಮ್ಮಿನಲ್ಲಿ ಡೀಸೆಲ್ ಇಡುವವರು ಗಮನಿಸಬೇಕು, ಜೂನ್ ಕಳೆಯುವಷ್ಟರಲ್ಲಿ ಅದರ ತಳಕ್ಕೆ ನೀರು ಕೂತಿರುತ್ತದೆ. ಫಿಲ್ಟರಿನ ಅಡಿಯ ಬೋಲ್ಟಿನಿಂದ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿದರೆ ನೀರು ಕೆಳಗೆ, ಡೀಸೆಲ್ ಮೇಲೆ ಬೇರೆಯಾಗಿ ಕಾಣುತ್ತದೆ.

ಏರಿಳಿತವಿಲ್ಲದೆ ಬರೀ ಕುಂಟಿದರೆ ಒಂದು ಸಿಲಿಂಡರ್ ದುಡಿಯುತ್ತಿಲ್ಲ. ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ. ಯಾವುದನ್ನು ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಸೋಮಾರಿ. ಬಟ್ಟೆ ಮುಚ್ಚಿ, ಮುಖ ದೂರವಿಟ್ಟು ಮಾಡಿ. ಪಂಪಿನಿಂದ ಚಿಮ್ಮುವ ಡೀಸೆಲಿಗೆ ಚರ್ಮ ತೂರಿ ಒಳಹೋಗುವಷ್ಟು ಬಲವಿದೆ; ಹಾಗಾದರೆ ಗಾಯ ಸೂಜಿಮೊನೆಯಷ್ಟೇ ಇದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಸ್ಲೋ ಸ್ಕ್ರೂ ಮುಟ್ಟುವುದು ಇದೆಲ್ಲ ಮುಗಿದ ಮೇಲೆ. ಸೀಲ್ ಹಾಕಿದ ಮ್ಯಾಕ್ಸಿಮಮ್ ಸ್ಕ್ರೂವನ್ನಂತೂ ಪಂಪ್ ಮೇಸ್ತ್ರಿಯ ಹೊರತು ಯಾರೂ ಮುಟ್ಟಬಾರದು. ಇಲ್ಲಿ ಒಂದು ಸಮಜಾಯಿಷಿಯನ್ನು ಆಗಾಗ ಕೇಳುತ್ತೇವೆ: ‘ಎತ್ತರದ ಊರು, ಗಾಳಿ ತೆಳು, ಅದಕ್ಕೇ ಹೀಗೆ’. ಒಂಬೈನೂರು ಮೀಟರಿಗೂ ಹೆಚ್ಚು ಎತ್ತರದ ಸಕಲೇಶಪುರದಲ್ಲಿ ಟರ್ಬೋ ಇಲ್ಲದ ಎಂಜಿನ್ ಏರಿನಲ್ಲಿ ತುಸು ಹೆಚ್ಚು ಕಪ್ಪು ಹೊಗೆ ಬಿಡಬಹುದು. ನಿಂತಲ್ಲೇ ಕುಂಟುವುದಕ್ಕೆ ಗುಡ್ಡವನ್ನು ದೂರಬೇಡಿ.

ಆಯಿಲಿನೊಳಗೆ ಡೀಸೆಲ್

ಎರಡೂ ದೂರುಗಳ ನಿಜವಾದ ಗಂಟು ಇಲ್ಲಿದೆ. ನಾಜಲ್ ಸರಿಯಾಗಿ ಸಿಂಪಡಿಸದೆ ತೊಟ್ಟಿಕ್ಕಿದರೆ ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಚೇಂಬರಿಗೆ ಇಳಿಯುತ್ತದೆ. ಎಂಜಿನ್ ಆಯಿಲೇ ಹರಿಯುವ ಪಂಪಾದರೆ, ಸವೆದ ಪ್ಲಂಜರಿನ ಸಂದಿಯಿಂದಲೂ ಇಳಿಯುತ್ತದೆ. ಸ್ಲೋ ಕೆಡುತ್ತದೆ, ಆಯಿಲ್ ನೀರಾಗುತ್ತದೆ, ಪ್ರೆಶರ್ ಬೀಳುತ್ತದೆ. ಗುರುತು ಸುಲಭ: ಹಾಕದೆಯೇ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿರುತ್ತದೆ, ಮೂಸಿದರೆ ಡೀಸೆಲ್ ವಾಸನೆ. ಒಂದು ಹನಿಯನ್ನು ನ್ಯೂಸ್‌ಪೇಪರಿನ ಮೇಲೆ ಬಿಟ್ಟು ನೋಡಿ. ನಡುವಿನ ಕಪ್ಪು ಚುಕ್ಕೆಯ ಸುತ್ತ ತೆಳು ಎಣ್ಣೆಯ ಉಂಗುರ ಅಗಲವಾಗಿ ಹರಡುತ್ತದೆ. ಅಂಥ ಎಂಜಿನ್ನಿಗೆ ‘ದಪ್ಪ ಆಯಿಲ್ ಹಾಕಿ’ ಎನ್ನುವ ಸಲಹೆ ಗಾಯಕ್ಕೆ ಬಟ್ಟೆ ಮುಚ್ಚಿದಂತೆ. ಡೀಸೆಲ್ ಎಲ್ಲಿಂದ ಬಂತೆಂದು ಹಿಡಿದು, ನಾಜಲ್ ಪಂಪು ಟೆಸ್ಟ್ ಮಾಡಿಸಿ, ಆಯಿಲೂ ಫಿಲ್ಟರೂ ಬದಲಿಸಿ, ಆಮೇಲೆ ಅಳೆಯಿರಿ.

ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಮೈಗೆ ಬೆಣ್ಣೆಯಂಥ ಬಿಳಿ ಲೋಳೆ ಕಂಡರೆ ಗಾಬರಿ ಬೇಡ. ತೋಟದೊಳಗೇ ಗಿರಕಿ ಹೊಡೆಯುವ ಗಾಡಿ ಪೂರ್ತಿ ಬಿಸಿಯಾಗದೆ ತೇವ ಅಲ್ಲೇ ಕೂರುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೂ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ಚೇಂಬರ್ ಬಿಚ್ಚಿದಾಗ

ಸುತ್ತು ಸರಿಯಿದೆ, ಆಯಿಲ್ ಹೊಸದು, ನೇರ ಗೇಜಿನಲ್ಲೂ ಪ್ರೆಶರ್ ಇಲ್ಲ ಎಂದಾದರೆ ಚೇಂಬರ್ ಇಳಿಸಿ. ಜಾಲರಿಗೆ ಮಡ್ಡಿ ಕಟ್ಟಿದೆಯೇ, ರಿಲೀಫ್ ವಾಲ್ವು ಕಸ ಸಿಕ್ಕಿ ತೆರೆದೇ ನಿಂತಿದೆಯೇ, ಇವೆರಡು ಅಗ್ಗದ ಕೆಲಸ. ಮೊದಲು ಇವನ್ನೇ ನೋಡಿ. ಆಮೇಲೆ ಬೇರಿಂಗ್ ಚಿಪ್ಪು. ಅದರ ಬೂದು ಲೇಪ ಸವೆದು ತಾಮ್ರದ ಕೆಂಪು ಇಣುಕಿದ್ದರೆ ವಾದವಿಲ್ಲ, ಬದಲಿಸಲೇಬೇಕು. ಕ್ರ್ಯಾಂಕನ್ನೂ ಅಳತೆಗೆ ಕೊಡಬೇಕು.

ಘಾಟಿಯಲ್ಲಿ ಮುಳ್ಳು ಸೊನ್ನೆಗೆ ಬಿದ್ದು ಕೆಳಗಿನಿಂದ ಗುದ್ದುವ ಸದ್ದು ಬಂದರೆ ‘ಮಾರನಹಳ್ಳಿ ತನಕ ಹೋಗೋಣ’ ಎನ್ನಬೇಡಿ. ಬ್ರೇಕಿಗೆ ಗಾಳಿ ತುಂಬುವುದೂ ಎಂಜಿನ್ನೇ, ಆದ್ದರಿಂದ ಬಂದ್ ಮಾಡಿ ಇಳಿಜಾರಿನಲ್ಲಿ ಉರುಳಿಸಬೇಡಿ. ಅಂಚಿಗೆ ನಿಲ್ಲಿಸಿ, ಬಂದ್ ಮಾಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.