ಬ್ಯಾಡರಹಳ್ಳಿಯ ಗಡಸು ನೀರು ಮತ್ತು ಹವಳದ ತೊಟ್ಟಿ: ಕ್ಷಾರತೆಯ ಚಾರಿತ್ರಿಕ ಅವಲೋಕನ

ಬೆಂಗಳೂರಿನ ನೀರು ಪೂರೈಕೆಯ ಚರಿತ್ರೆಯನ್ನು ಬಹುಮಟ್ಟಿಗೆ ಪ್ರಮಾಣದ ಚರಿತ್ರೆಯಾಗಿಯೇ ಬರೆಯಲಾಗಿದೆ. 1896ರ ಹೆಸರಘಟ್ಟ, 1933ರ ತಿಪ್ಪಗೊಂಡನಹಳ್ಳಿ, 1974ರ ಕಾವೇರಿ ಮೊದಲ ಹಂತ ಇವು ಅದರ ಮೈಲಿಗಲ್ಲುಗಳು. ಆದರೆ ನೀರಿನ ಗುಣಕ್ಕೂ ಒಂದು ಚರಿತ್ರೆಯುಂಟು. ಮನೆಯೊಳಗೆ ಕಡಲನ್ನು ಕಟ್ಟಿಕೊಳ್ಳುವ ಹವಳದ ಅಕ್ವೇರಿಯಂ ಅದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಬ್ಯಾಡರಹಳ್ಳಿಯನ್ನು ಹಾದುಹೋಗುವ ಮಾಗಡಿ ರಸ್ತೆಯೇ ಮುಂದೆ ಅರ್ಕಾವತಿ–ಕುಮುದ್ವತಿ ಸಂಗಮದಲ್ಲಿರುವ ತಿಪ್ಪಗೊಂಡನಹಳ್ಳಿ ಜಲಾಶಯದತ್ತ ಸಾಗುತ್ತದೆ. ಆದರೂ ನಗರದ ಈ ಪಶ್ಚಿಮದ ಅಂಚು ಬೆಳೆದದ್ದು ಹೆಚ್ಚಾಗಿ ಕೊಳವೆಬಾವಿಯನ್ನು ನಂಬಿಕೊಂಡು. ಕೆರೆಯ ನೀರು ಮಳೆಯ ನೀರು. ಕೊಳವೆಬಾವಿಯ ನೀರಾದರೋ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ತಂಗಿ ಬೈಕಾರ್ಬೊನೇಟನ್ನೂ ಕ್ಯಾಲ್ಸಿಯಮ್ಮನ್ನೂ ಕರಗಿಸಿಕೊಂಡು ಬಂದದ್ದು. ಅದನ್ನು ಕಾಯಿಸಿದಾಗ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರ ಪ್ರಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಹವಳದ ಅಸ್ಥಿಪಂಜರವೂ ಅದೇ ವಸ್ತು.

ಪಿಎಚ್ ಎಂಬ ಅಳತೆಯನ್ನು ಡೆನ್ಮಾರ್ಕಿನ ಸೋರೆನ್‌ಸೆನ್ 1909ರಲ್ಲಿ ರೂಪಿಸಿದನು. ಅದು ನೀರಿನ ಆ ಕ್ಷಣದ ಸ್ಥಿತಿಯನ್ನು ಹೇಳುತ್ತದೆ. ಕ್ಷಾರತೆಯಾದರೋ ಆಮ್ಲವನ್ನು ತಾಳಿಕೊಳ್ಳುವ ಸಂಗ್ರಹಶಕ್ತಿ. ತೊಟ್ಟಿಯಲ್ಲಿ ರಾತ್ರಿ ಜೀವಿಗಳ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ ಇಳಿಯುತ್ತದೆ, ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯಿಂದ ಏರುತ್ತದೆ. ಈ ಏರಿಳಿತ ಸಹಜ. ಆದರೆ ಹವಳ ಬೆಳೆದಂತೆಲ್ಲ ಕ್ಷಾರತೆ ಕರಗುತ್ತಲೇ ಹೋಗುತ್ತದೆ, ತಾನಾಗಿ ಮರಳುವುದಿಲ್ಲ. ಸಮುದ್ರದಲ್ಲಿ ಲೀಟರಿಗೆ ಸುಮಾರು 2.3 ಮಿಲಿಈಕ್ವಿವಲೆಂಟ್ ಇರುವ ಅದನ್ನು ತೊಟ್ಟಿಯಲ್ಲಿ 2.5ರಿಂದ 4ರ ನಡುವೆ ಸ್ಥಿರವಾಗಿರಿಸುವುದು ರೂಢಿ. ಇದಕ್ಕಾಗಿ ಪೀಟರ್ ವಿಲ್ಕೆನ್ಸ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಸುಣ್ಣದ ತಿಳಿನೀರು ಎಲೆಯಡಿಕೆಯ ಸುಣ್ಣದ ಬಂಧುವೇ ಆಗಿದೆ. ಅದರ ಪಿಎಚ್ 12ಕ್ಕೂ ಮಿಗಿಲಾದುದರಿಂದ ಹನಿಹನಿಯಾಗಿಯೇ ಸೇರಿಸಬೇಕು.

ಹಾಗಿದ್ದರೆ ಬ್ಯಾಡರಹಳ್ಳಿಯ ಗಡಸು ನೀರು ನೇರವಾಗಿ ಸಲ್ಲುವುದೇ? ಸಲ್ಲದು. ಕಲ್ಲು ಕೊಟ್ಟ ಕ್ಷಾರತೆಯೊಡನೆ ನಗರ ಬೆರೆಸಿದ ನೈಟ್ರೇಟೂ ಅದರಲ್ಲಿರಬಹುದು. ಆದಕಾರಣ ನೀರನ್ನು ಮೊದಲು ಶೋಧಿಸಿ, ಲವಣಗಳನ್ನೆಲ್ಲ ತೆಗೆದು, ಅನಂತರ ಅಳೆದು ಲವಣ ಕೂಡಿಸಬೇಕು. ನೆಲ ಕೊಟ್ಟದ್ದನ್ನು ಚೆಲ್ಲಿ ಅದನ್ನೇ ಕೊಂಡು ತರಬೇಕಾಗಿರುವುದು ಅಂತರ್ಜಲದ ಇಂದಿನ ಸ್ಥಿತಿಗೆ ಹಿಡಿದ ಕನ್ನಡಿ.

ಭಾರತದಲ್ಲಿ ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ. ಆದುದರಿಂದ ಮುರ್ಡೇಶ್ವರದಾಚೆಯ ನೇತ್ರಾಣಿಯ ಹವಳವನ್ನು ತೊಟ್ಟಿಗೆ ತರುವಂತಿಲ್ಲ. ಕೈಗಾರಿಕಾ ಕ್ರಾಂತಿಯ ನಂತರ ಸಾಗರದ ಮೇಲ್ಪದರದ ಸರಾಸರಿ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ತೊಟ್ಟಿಗೆ ಸುಣ್ಣ ಹನಿಸಬಹುದು. ಕಡಲಿಗೆ ಹಾಗೆ ಹನಿಸಲು ಬಾರದು. ಹವಳವನ್ನು ಅದು ಇರುವ ನೀರಿನಲ್ಲಿಯೇ ಕಾಯಬೇಕೆಂಬ ಮಾತು ಕಾನೂನಿನದಷ್ಟೇ ಅಲ್ಲ, ರಸಾಯನಶಾಸ್ತ್ರದ್ದೂ ಹೌದು.