ನೀರುಗಂಟಿಯ ಕೆರೆ, ನಮ್ಮೂರಿನ ನದಿ

ನಮ್ಮ ವಾರಾಂತ್ಯದ ತರಗತಿಗಳಲ್ಲಿ ‘ಕೆರೆ’ ಎಂಬ ಪದ ಬಂದರೆ ಮಕ್ಕಳು ಥಟ್ಟನೆ ‘ಲೇಕ್’ ಎನ್ನುತ್ತಾರೆ. ಬೇರೆ ಪದ ಹೊಳೆಯದೆ ನಾವೂ ಒಪ್ಪಿಬಿಡುತ್ತೇವೆ. ಆದರೆ ಲೇಕ್ ಸಾಮಾನ್ಯವಾಗಿ ತಾನಾಗಿ ಆದದ್ದು, ಕೆರೆ ಜನ ಕಟ್ಟಿದ್ದು. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ, ಗದ್ದೆಗೆ ನೀರು ಬಿಡಲು ತೂಬು, ಹೆಚ್ಚಾದ ನೀರು ಮುಂದಿನ ಕೆರೆಗೆ ಹರಿಯಲು ಕೋಡಿ, ಕೆಳಗೆ ಅಚ್ಚುಕಟ್ಟು. ಇಷ್ಟನ್ನು ಹೇಳದೆ ‘ಕೆರೆಗೆ ಹಾರ’ದ ಭಾಗೀರಥಿಯ ಕಥೆ ಕಲಿಸಿದರೆ, ಒಂದು ಊರು ನೀರಿಗಾಗಿ ಅಷ್ಟೊಂದು ಕಂಗಾಲಾದದ್ದೇಕೆ ಎಂಬುದು ಇಲ್ಲಿ ಬೆಳೆದ ಮಗುವಿಗೆ ತಿಳಿಯುವುದಿಲ್ಲ.

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಸೀಮೆ ಶತಮಾನಗಳ ಕಾಲ ಬದುಕಿದ್ದು ಕೆರೆಗಳಿಂದಲೇ. ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ, ಅಂದರೆ ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟವರು, ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದಕ್ಕೂ ಜಾಣತನ ಬೇಕು ಎಂಬರ್ಥದಲ್ಲಿ 1866ರಲ್ಲಿ ಬರೆದರು. ಕಟ್ಟಿದ್ದಕ್ಕಿಂತ ದೊಡ್ಡ ಕೆಲಸ ಅವುಗಳನ್ನು ಉಳಿಸಿಕೊಂಡದ್ದು. ಕೆರೆ ನೋಡಿಕೊಂಡವರಿಗೆ ಜಮೀನು ಕೊಡಗೆ ಬಿಟ್ಟ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ತೂಬು ತೆಗೆದು ಮುಚ್ಚುತ್ತಿದ್ದವನು ನೀರುಗಂಟಿ. ಬೇಸಗೆಯಲ್ಲಿ ರೈತರು ಕೆರೆಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ.

ಇದನ್ನು ಸುವರ್ಣಯುಗ ಎನ್ನಲು ನನಗೆ ಮನಸ್ಸಿಲ್ಲ. ನೀರುಗಂಟಿಕೆ ಎಷ್ಟೋ ಊರುಗಳಲ್ಲಿ ದಲಿತ ಮನೆತನಗಳಿಗೆ ಅಂಟಿದ್ದ ಚಾಕರಿ. ಎಲ್ಲರ ಗದ್ದೆಗೆ ನೀರು ಬಿಡುವವನು ಊರ ಬಾವಿಯಲ್ಲಿ ನೀರು ಸೇದುವಂತಿರಲಿಲ್ಲ. ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ರದ್ದು ಮಾಡಿದ 1961ರ ಕಾಯ್ದೆ ನ್ಯಾಯವಾದದ್ದೇ. ಆದರೆ ಅದೇ ಕೆಲಸವನ್ನು ಸಂಬಳ ಕೊಟ್ಟು, ಮರ್ಯಾದೆಯಿಂದ ಮಾಡಿಸುವ ಏರ್ಪಾಡು ಹೆಚ್ಚಿನ ಕಡೆ ಆಗಲಿಲ್ಲ.

ಆಮೇಲೆ ಬೋರ್‌ವೆಲ್ ಬಂತು. ಬೋರ್ ಹಾಕಿಸಿದವನಿಗೆ ತೂಬಿನ ಹಂಗಿಲ್ಲ, ಹಾಗಾಗಿ ಹೂಳೆತ್ತಲು ಅವನು ಬರುವುದಿಲ್ಲ. ಹೂಳು ತುಂಬಿದ ಕೆರೆ ಬೇಗ ಬತ್ತುತ್ತದೆ, ಉಳಿದವರೂ ಬೋರ್ ಹಾಕಿಸುತ್ತಾರೆ. ಅಂತರ್ಜಲ ಇಳಿದು ತೆರೆದ ಬಾವಿಗಳು ಒಣಗುತ್ತವೆ. ಪಂಪಿನಲ್ಲಿ ನೀರು ಬರುತ್ತಿರುವವರೆಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಂದು ಹಂತ ದಾಟಿತೋ, ಸಾವಿರ ಅಡಿ ಕೊರೆದರೂ ಬರುವುದು ಧೂಳು, ಇಲ್ಲವೇ ಫ್ಲೋರೈಡ್ ತುಂಬಿದ ನೀರು. ಪರಿಸರ ವಿಜ್ಞಾನಿಗಳು ಟಿಪ್ಪಿಂಗ್ ಪಾಯಿಂಟ್ ಎನ್ನುವುದು ಈ ಹಂತವನ್ನೇ. ಮಳೆ ನಿಂತಿತೆಂದು ಒಡೆದ ಏರಿ ತಾನಾಗಿ ಕೂಡಿಕೊಳ್ಳುವುದಿಲ್ಲವಲ್ಲ, ಹಾಗೆ. ಕೆಲಸದ ಜೊತೆ ಪದವೂ ಹೋಯಿತು. ನೀರುಗಂಟಿ ಎಂದರೆ ಯಾರೆಂದು ಈಗ ಕರ್ನಾಟಕದಲ್ಲೇ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

ಹೀಗೆ ಹಂತ ದಾಟಿದ ನೀರು ಮರಳಿ ಬಂದದ್ದು ಎಲ್ಲಾದರೂ ಉಂಟೇ? ದೂರ ಹೋಗಬೇಕಿಲ್ಲ, ನಾವು ಸೇತುವೆಯ ಮೇಲೆ ದಾಟಿ ಹೋಗುವ ಪೊಟೋಮ್ಯಾಕ್ ಇದೆ. 1960ರ ದಶಕದಲ್ಲಿ ವಾಷಿಂಗ್ಟನ್ ಬಳಿ ಈ ನದಿ ಕೊಳಚೆಯಿಂದಲೂ ಬೇಸಗೆಯ ಪಾಚಿಯಿಂದಲೂ ನಾರುತ್ತಿತ್ತು. ಅಧ್ಯಕ್ಷ ಲಿಂಡನ್ ಜಾನ್ಸನ್ ಇದನ್ನು ದೇಶಕ್ಕೇ ನಾಚಿಕೆಗೇಡು ಎಂದರು. ನೀರಿನಡಿಯ ಹುಲ್ಲು ಮಾಯವಾಗಿತ್ತು. ಹಿಡಿದಿಡುವ ಬೇರಿಲ್ಲದೆ ಕೆಸರು ಕದಡುತ್ತಿತ್ತು, ಕದಡಿದ ನೀರಿನಲ್ಲಿ ಬೆಳಕು ಇಳಿಯದೆ ಹುಲ್ಲು ಮತ್ತೆ ಹುಟ್ಟುತ್ತಿರಲಿಲ್ಲ. ಬೋರ್‌ವೆಲ್ಲಿನದೇ ವಿಷಚಕ್ರ, ರೂಪ ಬೇರೆ.

1972ರಲ್ಲಿ ಶುದ್ಧ ನೀರಿನ ಕಾಯ್ದೆ ಬಂತು. ನಗರದ ಕೊಳಚೆ ಶುದ್ಧೀಕರಿಸುವ ಬ್ಲೂ ಪ್ಲೇನ್ಸ್ ಘಟಕಕ್ಕೆ ಅಪಾರ ಹಣ ಸುರಿದರು. 1983ರಲ್ಲಿ ಮೇರಿಲ್ಯಾಂಡ್, ವರ್ಜೀನಿಯಾ, ಪೆನ್ಸಿಲ್ವೇನಿಯಾ, ಡಿಸಿ ಮತ್ತು ಕೇಂದ್ರ ಸರ್ಕಾರ ಚೆಸಪೀಕ್ ಕೊಲ್ಲಿಗಾಗಿ ಒಪ್ಪಂದ ಮಾಡಿಕೊಂಡವು, ಒಂದೇ ಅಚ್ಚುಕಟ್ಟಿನವರು ಕೂತು ಮಾತಾಡಿದಂತೆ. ಬಟ್ಟೆ ಒಗೆಯುವ ಪುಡಿಯಲ್ಲಿನ ಫಾಸ್ಫೇಟನ್ನು ಮೇರಿಲ್ಯಾಂಡ್ 1985ರಲ್ಲಿ, ಡಿಸಿ 1986ರಲ್ಲಿ, ವರ್ಜೀನಿಯಾ 1988ರಲ್ಲಿ ನಿಷೇಧಿಸಿದವು. ಹುಲ್ಲು ಮರಳಿತು. ತಮಾಷೆಯೆಂದರೆ, ಆಗ ಎಲ್ಲಕ್ಕಿಂತ ಹೆಚ್ಚು ಹಬ್ಬಿದ್ದು ಹೊರನಾಡಿನ ಹೈಡ್ರಿಲ್ಲಾ. ದೋಣಿಯವರು ಅದನ್ನು ಬೈದುಕೊಂಡರು, ಯಂತ್ರ ತಂದು ಕತ್ತರಿಸಿದರು. ಆದರೆ ಕೆಸರನ್ನು ಹಿಡಿದು, ನೀರು ತಿಳಿಯಾಗಿಸಿ, ಇಲ್ಲಿಯದೇ ಹುಲ್ಲುಗಳಿಗೆ ಜಾಗ ಮಾಡಿಕೊಟ್ಟದ್ದರಲ್ಲಿ ಅದಕ್ಕೂ ಪಾಲಿದೆ. ವಲಸೆ ಬಂದ ನಾವು ಇದನ್ನು ಓದಿ ಕೊಂಚ ಹಿಗ್ಗಬಹುದು. ಅಷ್ಟಾದರೂ, ಡಿಸಿಯಲ್ಲಿ ನದಿಗಿಳಿದು ಈಜಬಾರದೆಂದು 1971ರಲ್ಲಿ ಬಂದ ನಿಷೇಧ ಅರ್ಧ ಶತಮಾನ ಕಳೆದರೂ ಪೂರ್ತಿ ಹೋಗಿಲ್ಲ.

ಕೋಲಾರದಲ್ಲಿ ಈ ದಾರಿ ಈಗಷ್ಟೇ ಶುರುವಾಗಿದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಹರಿಸಿದರು. ಕೆಲವೇ ವಾರಗಳಲ್ಲಿ ಅಲ್ಲಿ ನೊರೆ ಕಾಣಿಸಿ ವಿಷಯ ಹೈಕೋರ್ಟಿಗೆ ಹೋಯಿತು. ಇನ್ನೊಂದು ಹಂತ ಶುದ್ಧೀಕರಿಸಿಯೇ ಕೊಡಿ ಎಂಬುದು ರೈತರ ಬೇಡಿಕೆ. ನೀರು ಮತ್ತೆ ಹರಿಯಿತು, ಕೆರೆಗಳು ತುಂಬಿದವು, ಸುತ್ತಿನ ಬಾವಿ ಬೋರ್‌ಗಳಲ್ಲಿ ನೀರು ಮೇಲೆ ಬಂತು. ಆದರೆ ಯೋಜನೆ ಇರುವುದು ಅಂತರ್ಜಲ ತುಂಬಲಿಕ್ಕೆ ಮಾತ್ರ. ಕೆರೆಯಿಂದ ನೇರವಾಗಿ ಗದ್ದೆಗೆ ನೀರು ಬಿಡುವುದು ಅದರಲ್ಲಿಲ್ಲ, ಆದ್ದರಿಂದ ತೂಬಿನ ಬಳಿ ನೀರುಗಂಟಿಗೆ ಇನ್ನೂ ಕೆಲಸವಿಲ್ಲ.