ಗಾಡಿ ಮೇಲಿನ ಸ್ಟಿಕ್ಕರ್, ರಸ್ತೆ ಮೇಲಿನ ಸಿಟ್ಟು: ನಂಟು ಏನು?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಯಾವ ಪೇಟೆಯಲ್ಲಿ ನಿಂತರೂ ಗಾಡಿಗಳನ್ನು ಓದಬಹುದು: ದೇವರು, ಜಾತಿ, ನಾಯಕ, ಸಿನಿಮಾ ಹೀರೊ. ಓದಿದ ತಕ್ಷಣ ಒಳಗಿರೋನು ಎಂಥವನು ಅಂತ ತೀರ್ಪನ್ನೂ ಕೊಟ್ಟುಬಿಡುತ್ತೇವೆ.

ಕಾಸರಗೋಡಿನ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಮಾಡಿದ ಕೇಸರಿ-ಕಪ್ಪು ಹನುಮಂತನ ಚಿತ್ರ ದೇಶದ ತುಂಬ ಗಾಡಿಗಳಿಗೆ ಅಂಟಿದಾಗ ನಡೆದ ಜಗಳವೂ ಇದೇ: ಆ ಮುಖದಲ್ಲಿರೋದು ಸಿಟ್ಟಾ, ಶಕ್ತಿಯಾ?

ಅಮೆರಿಕದ ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯ ವಿಲಿಯಂ ಸ್ಲೆಮ್ಕೊ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳುತ್ತದೆ. ಗಾಡಿಗೆ ಹೆಚ್ಚು ಗುರುತು ಅಂಟಿಸಿದವರು ರಸ್ತೆಯಲ್ಲಿ ಸಿಟ್ಟನ್ನು ಡ್ರೈವಿಂಗ್‌ನಲ್ಲೇ ತೋರಿಸುವ ಸಾಧ್ಯತೆ ಹೆಚ್ಚು: ಹಾರ್ನ್, ಹಿಂದೆ ಒತ್ತಿಕೊಂಡು ಬರೋದು. ಸ್ಟಿಕ್ಕರ್‌ನಲ್ಲಿ ಶಾಂತಿಮಂತ್ರವಿದೆಯೋ ಬೆದರಿಕೆಯೋ ಎಂಬುದು ಮುಖ್ಯವಾಗಲಿಲ್ಲ. ಮುಖ್ಯವಾಗಿದ್ದು ಎಷ್ಟಿವೆ ಎಂಬುದು.

ಕಾರಣ? ಅವರ ವಿವರಣೆ 'ನನ್ನ ಜಾಗ' ಎಂಬ ಭಾವನೆ. ಮನೆಗೆ ಬಣ್ಣ ಹೊಡೆಸಿದ ಹಾಗೆ ಗಾಡಿಯನ್ನೂ ಗುರುತು ಮಾಡುತ್ತೇವೆ. ಆದರೆ ಗಾಡಿ ಖಾಸಗಿ, ರಸ್ತೆ ಸಾರ್ವಜನಿಕ. ಅಡ್ಡ ಬಂದವನು ಅಂಗಳಕ್ಕೆ ನುಗ್ಗಿದ ಹಾಗೆ ಕಾಣಿಸುತ್ತಾನೆ.

ಎರಡು ಎಚ್ಚರ. ಅಲ್ಲಿ ಉತ್ತರ ಕೊಟ್ಟವರು ಅಮೆರಿಕದ ವಿದ್ಯಾರ್ಥಿಗಳು, ತಮ್ಮ ಬಗ್ಗೆ ತಾವೇ ಹೇಳಿದ್ದು. ಇನ್ನೊಂದು, ನಂಟು ಬೇರೆ, ಕಾರಣ ಬೇರೆ: ಸ್ಟಿಕ್ಕರ್ ಕಿತ್ತರೆ ಸಿಟ್ಟು ಇಳಿಯುತ್ತೆ ಅಂತಲ್ಲ.

ಸೈಲೆನ್ಸರ್ ಬದಲಿಸೋದು ಬೇರೆ ವಿಷಯ. ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಹಾಗಾಗಿ ಮುಂದಿನ ಗಾಡಿಯ ದೇವರನ್ನೋ ನಾಯಕನನ್ನೋ ನೋಡಿ ಚಾಲಕನನ್ನು ಅಳೆಯಬೇಡಿ. ಅವನು ಸೈಡ್ ಕೊಡ್ತಾನಾ, ಅದನ್ನು ನೋಡಿ.